ಅವ್ವನ ಅಂಗೈಯ ಗುಳಿಗೆ

ಭಾಲ್ಕಿ
೧೮-೧೧-೧೯೫೬

ತಮ್ಮ ಮಲ್ಲಿಕಾರ್ಜುನನಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡೂ ಕಾಗದ ಮುಟ್ಟಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ನಾವೀಗ ಮೈಸೂರು ರಾಜ್ಯದವರಾದೆವೆಂದು ನಿನ್ನ ಭಾವನವರ ಔರಾದದ ಕಚೇರಿಯಲ್ಲಿ ಪೇಢಾ ಹಂಚಿದರಂತೆ. ಅವರು ಮಾತ್ರ, 'ನಾ ಉರ್ದು ಕಲ್ತಿದ್ದೆಲ್ಲಾ ನೀರಾಗ ಹೋಮ ಆಯ್ತು' ಎಂದು ಗೊಣಗುತ್ತಾರೆ.

ಮೊನ್ನೆ ನಿನ್ನ ಔಷಧದಂಗಡಿಯ ಜೊತೆಗಾರ ಜಹೀರೋದ್ದೀನ ಬೀದರದಿಂದ ಬಂದಿದ್ದ, ಅವ್ವ ಹೋದದ್ದಕ್ಕೆ ಮಾತಾಡಿಸಲು. ಚಹಾ ಮುಟ್ಟಲಿಲ್ಲ. 'ಅಕ್ಕಾ, ಮಾಫ್ ಮಾಡ್ರಿ. ಅಮ್ಮಾಗ ಡಾಕ್ಟರ್ ಬರದ ಮಾರ್ಫಿನ್ ಗುಳಿಗಿ ನಾವಿಬ್ರೂ ನಶಾಕ್ಕ ನುಂಗೀವ್ರಿ' ಎಂದು ಅತ್ತ. ಗಿರಾಕಿಗಳಿಗೆ ಗೊತ್ತಾಗಬಾರದೆಂದು ಅದಕ್ಕೆ ನೀವಿಟ್ಟ ಹೆಸರುಗಳನ್ನೂ ಹೇಳಿದ. ಇಡೀ ಗುಳಿಗೆ ಖಾಲಾ, ಅರ್ಧ ಮುರಿದರೆ ಛೋಟಿ ಖಾಲಾ, ಸೂಜಿಮದ್ದು ನವಾಬ. ಎಷ್ಟು ಮುದ್ದಿನ ಹೆಸರುಗಳಪ್ಪಾ! ಹೆತ್ತವಳ ಗುಳಿಗೆ ಕದ್ದು ಅದನ್ನು ಖಾಲಾ, ಚಿಕ್ಕಮ್ಮಾ ಎಂದು ಕರೆದೆ.

ನೀನು ರಜೆ ಹಾಕಿ ಬಂದು ತಿಂಗಳಿಡೀ ಅವ್ವನ ಹಾಸಿಗೆ ಬಿಟ್ಟು ಕದಲಲಿಲ್ಲ. ಮಗ ಅಂದರೆ ಇವನು ಎಂದು ಓಣಿಯವರೆಲ್ಲ ಹೊಗಳಿದರು. ನಾನೂ ಬೀಗಿದೆ, ಹುಚ್ಚಿ. ಅವ್ವ ಹೇಗೆ ಔಷಧ ತೆಗೆದುಕೊಳ್ಳುತ್ತಿದ್ದಳೆಂದು ನಿನಗೆ ಚೆನ್ನಾಗಿ ಗೊತ್ತಿತ್ತು. ಲಿಂಗಪೂಜೆ ಮುಗಿಸಿ, ಗುಳಿಗೆಯನ್ನೂ ಪ್ರಸಾದವೆಂದೇ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೈಗೆ ಬಂದ ಪ್ರಸಾದವನ್ನು ತಿರುವಿ ನೋಡಿದವಳಲ್ಲ. ಹೊಟ್ಟೆಯ ಕ್ಯಾನ್ಸರಿನಿಂದ ಒದ್ದಾಡುತ್ತಿದ್ದವಳ ಆ ಅಂಗೈಯಲ್ಲಿ ನೀನು ಮಾರ್ಫಿನ್ ಬದಲು ಸೋಡಾ ಗುಳಿಗೆ ಇಟ್ಟೆ. ಕೈ ಹೇಗೆ ಬಂತೋ ನಿನಗೆ?

ನಿನ್ನ ಭಾವನವರಿಗೆ ಇನ್ನೂ ಹೇಳಿಲ್ಲ. ಸಂಕ್ರಮಣಕ್ಕೆ ಈ ಮನೆಗೆ ಬರಬೇಡ. ನನ್ನ ಕೈಯಿಂದ ನಿನಗೆ ರೊಟ್ಟಿ ಬಡಿಸಲು ಆಗುವುದಿಲ್ಲ. ಜಹೀರೋದ್ದೀನ ಈ ಚಟ ಬಿಡಲು ಹೈದರಾಬಾದಿನ ಡಾಕ್ಟರರ ಹತ್ತಿರ ಹೊರಟಿದ್ದಾನೆ, ಅವನ ಜೊತೆ ಹೋಗು. ಹಾಳಾಗು ಎನ್ನಲು ಬಾಯಿ ಬರುತ್ತಿಲ್ಲ, ನಾನು ಎತ್ತಿ ಆಡಿಸಿದ ತಮ್ಮ ನೀನು. ಬಸವಣ್ಣ ನಿನ್ನನ್ನು ಬದುಕಿಸಲಿ.

ನಿನ್ನ ಅಕ್ಕ,
ಶಿವಕಾಂತಾ

ತಾ.ಕ.: ನೀನು ಅದೊಂದು ಸಲ ಸಂತೆಗೆ ಹೋದ ದಿನ ಅವ್ವ ನನ್ನ ಕೈ ಹಿಡಿದು, 'ಬ್ಯಾನಿ ನಿಂದ್ರವಲ್ದು, ಇನ್ನೊಂದು ಗುಳಿಗಿ ಕೊಡವ್ವಾ' ಎಂದಳು. 'ಆ ಹುಡುಗ ಇಷ್ಟು ಸೇವಾ ಮಾಡ್ತಾನ, ಇನ್ನ ಎಷ್ಟು ಕಾಡ್ತಿ? ಸುಮ್ನ ಬೀಳು' ಎಂದು ಗದರಿದೆ. ಆಮೇಲೆ ಒಂಬತ್ತು ದಿನ ಬದುಕಿದ್ದಳು. ಗೋಡೆ ಕಡೆ ಮುಖ ಮಾಡಿ ಮಲಗಿದಳು, ಒಮ್ಮೆಯೂ ನರಳಲಿಲ್ಲ. ಗುಳಿಗೆ ಹತ್ತಿತೆಂದುಕೊಂಡೆ. ಹೋದ ಮೇಲೆ ಮೈ ತೊಳೆಯುವಾಗ ನೋಡಿದರೆ ಸೆರಗಿನ ತುದಿ ಹಲ್ಲಿಗೆ ಸಿಕ್ಕು ಚಿಂದಿಯಾಗಿತ್ತು.