ಹೊಳೆದಂಡೆಯ ಬಾರ್ಬರಾ

ರೋಣ
14 ನವೆಂಬರ್ 2024

ಪ್ರೀತಿಯ ಯಾಸ್ಮಿನ,

ಎಷ್ಟು ಸಲ ಫೋನ್ ಮಾಡಿದರೂ ಎತ್ತುವುದಿಲ್ಲ ಎಂದು ಸಿಟ್ಟಾಗಿರುತ್ತೀಯ. ನನ್ನ ಫೋನ್ ಮಾವನವರ ಕಪಾಟಿನಲ್ಲಿದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಕವಿತಾ ಕಾಲೇಜಿಗೆ ಹೋಗುವಾಗ ಅಂಚೆಗೆ ಹಾಕುತ್ತೇನೆ ಅಂದಿದ್ದಾಳೆ.

ಮೊದಲು ಸಂತೋಷದ ಸುದ್ದಿ. ಈ ಮನೆಯಲ್ಲಿ ಯಾರ ಮುಂದೆಯೂ ಹೇಳಿಕೊಳ್ಳಲಾಗದೆ ಒದ್ದಾಡಿದ್ದೇನೆ. ನರಗುಂದದ ಕಡೆ ಹೊಳೆದಂಡೆಯ ಊರಿನ ಸಣ್ಣ ಚರ್ಚಿನಲ್ಲಿ ಹಲಗೆಯ ಮೇಲೆ ಬರೆದ ಹಳೆಯ ಚಿತ್ರವಿದೆ ಎಂದು ಹೇಳಿದ್ದೆನಲ್ಲ? ಅಲ್ಲಿಯವರು ಅದನ್ನು ಮೇರಿಮಾತೆ ಎಂದೇ ನಂಬಿ ಮಾಲೆ ಹಾಕುತ್ತಾರೆ. ನನಗೆ ಮೊದಲಿನಿಂದಲೂ ಅನುಮಾನ. ತೋಳಲ್ಲಿ ಮಗುವಿಲ್ಲ, ಕೈಯಲ್ಲಿ ತಾಳೆಗರಿ. ಕ್ರೈಸ್ತ ಚಿತ್ರಗಳಲ್ಲಿ ಆ ಗರಿ ಹಿಡಿಯುವವರು ನಂಬಿಕೆಗಾಗಿ ಪ್ರಾಣ ಕೊಟ್ಟವರು. ಮಗ್ಗುಲಲ್ಲಿ ಗೋಪುರದಂಥದ್ದೇನೋ ಇತ್ತು. ಹೊಳೆ ಬಂದಾಗಿನ ರಾಡಿ ಒಣಗಿ ಅದರ ಮೇಲರ್ಧ ಮುಚ್ಚಿಹೋಗಿತ್ತು. ಫಾದರ್ ಒಪ್ಪಿಗೆ ಕೊಟ್ಟರು. ಮೊಣಕಾಲೂರಿ ಕುಳಿತು ಒದ್ದೆ ಅರಳೆಯಿಂದ ತುಸುತುಸುವೇ ಒರೆಸಿದೆ. ಒಂದು ಕಿಟಕಿ ಕಂಡಿತು, ಇನ್ನೊಂದು, ಆಮೇಲೆ ಮೂರನೆಯದು.

ಅವಳು ಸಂತ ಬಾರ್ಬರಾ, ಯಾಸ್ಮಿನ. ಅಪ್ಪ ಗೋಪುರದಲ್ಲಿ ಕೂಡಿಹಾಕಿದ ಹುಡುಗಿ. ಅವನು ಎರಡೇ ಕಿಟಕಿ ಇಡಿಸಿದ್ದ. ಅವನು ಊರಲ್ಲಿಲ್ಲದಾಗ ಅವಳು ಗೌಂಡಿಗಳಿಗೆ ಹೇಳಿ ಮೂರನೆಯದನ್ನು ತೆರೆಸಿದಳು, ತಂದೆ, ಮಗ, ಪವಿತ್ರಾತ್ಮ ಎಂಬ ಲೆಕ್ಕದಲ್ಲಿ. ಅದಕ್ಕಿಂತ ಹೆಚ್ಚಿನದು ಗೋಪುರದ ಆಕಾರ. ನಮ್ಮ ಊರುಗಳಲ್ಲಿ ಕಾವಲಿಗೆಂದು ಕಟ್ಟುತ್ತಿದ್ದ ದುಂಡನೆಯ ಮಣ್ಣಿನ ಹುಡೇ ಅದು. ಬರೆದವನು ಈ ಎರೆನಾಡಿನವನೇ. ನನ್ನ ಪ್ರಬಂಧಕ್ಕೆ ಇಷ್ಟು ದಿನ ಬೇಕಾಗಿದ್ದುದು ಇದೇ.

ಮಾವನ ಅಂಗಡಿಗೆ ಹತ್ತಿ ತರುವ ಹೂವಪ್ಪ ಆ ದಿನ ಅಲ್ಲಿಗೆ ಬಂದಿದ್ದನಂತೆ. ಬಾಗಿಲಿಂದಲೇ ನೋಡಿದ್ದಾನೆ. ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು, “ನಿಮ್ಮ ಸೊಸಿ ಚರ್ಚಿನ್ಯಾಗ ಮೊಣಕಾಲ ಊರಿ ಕುಂತಿದ್ದಳ್ರಿ,” ಅಂದ.

ಮಾವ ಕೂಗಾಡುವವರಲ್ಲ. ನನ್ನನ್ನು ಕರೆದು ಕೂರಿಸಿ, “ಓದಾಕ ನಮ್ಮ ಗುಡಿ ಸಾಲಲಿಲ್ಲೇನವಾ? ಸೂಡಿಯ ಹಳೇ ಗುಡಿ ಇಲ್ಲೇ ಅದಾವು,” ಅಂದರು.

“ಓದೂದು ಬ್ಯಾರೆ, ನಂಬೂದು ಬ್ಯಾರೆ ರೀ ಮಾವಾರ,” ಅಂದೆ.

“ನನಗ ತಿಳೀತೈತಿ. ಪ್ಯಾಟಿ ಮಂದಿಗೆ ಹ್ಯಾಂಗ ತಿಳಿಸ್ಲಿ? ಪೂಜಾನ ಲಗ್ನ ಆಗೂದೈತಿ. ಅಲ್ಲೀತನಕ ಮನ್ಯಾಗ ಇರು, ಫೋನ್ ಇಲ್ಲಿ ಕೊಡು.”

ಪೂಜಾ ನನ್ನ ನಾದಿನಿ. ಅವಳ ಹೆಸರು ಬಂದ ಮೇಲೆ ಯಾರೂ ನನ್ನ ಪರ ಮಾತಾಡಲಿಲ್ಲ. ಮಾರನೆಯ ದಿನ ಅಬ್ಬಿಗೇರಿಯಿಂದ ಅಪ್ಪನನ್ನು ಕರೆಸಿದರು. ಅಪ್ಪನಾದರೂ ಒಂದು ಮಾತು ಆಡುತ್ತಾನೆ ಅಂದುಕೊಂಡಿದ್ದೆ. ಊಟ ಮಾಡಿ, ಕೈ ಒರೆಸಿಕೊಂಡು, “ಈಗ ನಿನ್ನ ಮನಿ ಇದು. ಅವರು ಹೇಳಿದಂಗ ಕೇಳು,” ಅಂದ. ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿದ.

ಮುತ್ತಣ್ಣ ಕೆಟ್ಟ ಗಂಡನಲ್ಲ, ನಿನಗೂ ಗೊತ್ತು. “ಒಂದ ವರ್ಷ ಸುಮ್ನಿರು, ಆಮ್ಯಾಲ ನಾನ ಕಳಸ್ತೀನಿ,” ಅನ್ನುತ್ತಾನೆ. ಸೋಮವಾರ ಧಾರವಾಡಕ್ಕೆ ಬಂದು ವಿಭಾಗದ ಮುಂದೆ ಪ್ರಬಂಧ ಮಂಡಿಸದಿದ್ದರೆ ನನ್ನ ನೋಂದಣಿಯೇ ರದ್ದಾಗುತ್ತದೆ ಎಂದು ತಿಳಿದೂ ಅನ್ನುತ್ತಾನೆ.

ಇಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ. ಬಿಸಿ ರೊಟ್ಟಿ ನನ್ನ ತಾಟಿಗೇ ಮೊದಲು ಬರುತ್ತದೆ. ಮಾಳಿಗೆಗೆ ಹೋದರೆ ಹಿಂದೆಯೇ ಯಾರಾದರೂ ಹಪ್ಪಳ ಒಣಹಾಕಲು ಬರುತ್ತಾರೆ. ಹೊರಬಾಗಿಲಿನ ಬಳಿ ಮಾವನ ಕುರ್ಚಿ. ಹೀಗಾಗಿದೆ ಎಂದು ಯಾರಿಗಾದರೂ ತೋರಿಸಲು ನನ್ನ ಮೈಮೇಲೆ ಒಂದು ಗೀರೂ ಇಲ್ಲ. ಒಮ್ಮೊಮ್ಮೆ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಕೂರುತ್ತೇನೆ.

ನಿನ್ನೆ ಅತ್ತೆಯ ಜೊತೆ ಶೇಂಗಾ ಸುಲಿಯುತ್ತಿದ್ದೆ. ಅವರು ಇಷ್ಟೂ ದಿನ ಈ ವಿಷಯ ಎತ್ತಿರಲಿಲ್ಲ. ಒಮ್ಮೆಲೇ, “ಆ ಚಿತ್ರದಾಗಿನ ಹೆಣಮಗಳು ಯಾರು?” ಅಂದರು. ಕಥೆ ಹೇಳಿದೆ.

“ಹಡೆದ ಅಪ್ಪನೇ ಆಕೀನ್ನ ಒಳಗ ಹಾಕಿದ್ನೇನು?”

“ಹೌದ್ರಿ.”

“ಆಕಿಗೆ ತಾಯಿ ಇದ್ದಿಲ್ಲೇನು?”

ಕಥೆಯಲ್ಲಿ ತಾಯಿಯ ಮಾತೇ ಬರುವುದಿಲ್ಲ ಎಂದೆ. “ಕಡೀಕ ಏನಾತು?” ಅಂದರು. ಆ ಅಪ್ಪನೇ ಅವಳ ತಲೆ ಕಡಿದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಹೊರಗ ಬಂದಳ್ರಿ,” ಅಂದುಬಿಟ್ಟೆ.

ಸೋಮವಾರ ನನಗಾಗಿ ಕಾಯಬೇಡ. ನನಗೆ ಹುಷಾರಿಲ್ಲ ಎಂದು ಗೈಡ್ ಮೇಡಂಗೆ ಹೇಳು. ಫೋಟೊಗಳನ್ನೆಲ್ಲ ಅವತ್ತೇ ನಿನಗೆ ಮೇಲ್ ಮಾಡಿದ್ದೆ. ನಿನ್ನ ಹೆಸರಿನಲ್ಲೇ ಬರೆ. ಇದು ನನ್ನೊಳಗೇ ಸಾಯುವುದು ಬೇಡ. ಅಲ್ಲಿಯ ಜನರಿಗೆ ಮಾತ್ರ ನೀವು ತಪ್ಪು ತಿಳಿದಿದ್ದೀರಿ ಎಂದು ಹೇಳಲು ಹೋಗಬೇಡ. ಅವರು ಬೇಡಿಕೊಂಡದ್ದಕ್ಕೆ ಅದರಿಂದೇನೂ ಕಡಿಮೆಯಾಗಿಲ್ಲ. ಬರಹದಲ್ಲಿ ಅವಳ ಹೆಸರು ಸರಿಯಾಗಿ ಬಂದರೆ ಸಾಕು.

ನಿನ್ನ ದಾರಿ ತಪ್ಪಿಹೋದ ಗೆಳತಿ,
ಅನ್ನಪೂರ್ಣಾ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. “ಸೋಮವಾರ ಧಾರವಾಡದ ದವಾಖಾನ್ಯಾಗ ಕಣ್ಣ ತೋರಿಸ್ಬೇಕು ಅಂತ ನಿಮ್ಮ ಮಾವಗ ಹೇಳೇನಿ. ಸೊಸಿ ಬಿಟ್ಟು ಯಾರ ಸಂಗಾಟ ಹೋಗ್ಲಿ?” ಅಂದರು. ಅವರ ಕಣ್ಣಿಗೆ ಏನೂ ಆಗಿಲ್ಲ, ಯಾಸ್ಮಿನ. ಮುಸ್ಸಂಜೆಯ ಬೆಳಕಿನಲ್ಲೂ ಈ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವವರು ಅವರೇ. ತಿರುಗಿ ಬಂದ ಮೇಲೆ ಏನು ಮಾಡೋಣ ಎಂದು ಕೇಳಿದೆ. “ಬಂದಮ್ಯಾಲ ನೋಡೂಣು,” ಅಂದರು. ಮೇಲೆ ಬರೆದದ್ದನ್ನು ಬಿಡು, ಸೋಮವಾರದ ಪಟ್ಟಿಯಿಂದ ನನ್ನ ಹೆಸರು ತೆಗೆಸಬೇಡ, ನಾನೇ ಮಂಡಿಸುತ್ತೇನೆ. ಬಸ್‌ಸ್ಟ್ಯಾಂಡಿಗೆ ಬಾ. ವಿಭಾಗದ ಹೊರಗೆ ಅತ್ತೆ ಕೂರಲು ಒಂದು ಕುರ್ಚಿ ನೋಡಿಡು.