ನಮ್ಮ ಕೊಬ್ಬರಿ ಅಟ್ಟವನ್ನು ಅಳಿಸಿದವರು ಯಾರು?

ಮನೆ ನಕ್ಷೆ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ಜಾವಗಲ್ಲಿನ ನಮ್ಮ ಹೊಸ ಮನೆಯ ನಕ್ಷೆಯಿಂದ ಕೊಬ್ಬರಿ ಅಟ್ಟವನ್ನು ಕಿತ್ತುಹಾಕಿದವರು ಯಾರು? ನೀವೋ, ನಿಮ್ಮ ಕಂಪ್ಯೂಟರೋ? ಕೇಳಿದರೆ ನಿಮ್ಮ ಕಚೇರಿಯವರು ಕಂಪ್ಯೂಟರಿನತ್ತ ಕೈ ತೋರಿಸುತ್ತಾರೆ. ಅದು ಬಾಯಿ ಬಿಡುವುದಿಲ್ಲ. ಒಳ್ಳೆಯ ಜೋಡಿ!

ನಿಮಗೆ ಗೊತ್ತಿದೆಯೋ ಇಲ್ಲವೋ, ಉಂಡೆ ಕೊಬ್ಬರಿ ಮರದಲ್ಲಿ ಬಿಡುವುದಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗುವವರೆಗೆ ಹೆಚ್ಚುಕಮ್ಮಿ ಒಂದು ವರ್ಷ ಕಾಯಬೇಕು. ಅಟ್ಟದ ನೆಲವೆಂದರೆ ಸಂದು ಬಿಟ್ಟು ಜೋಡಿಸಿದ ಬಿದಿರಿನ ಗಳುಗಳು. ಕೆಳಗಿನಿಂದ ಗಾಳಿಯೂ ಒಲೆಯ ಬಿಸಿಯೂ ಏರಬೇಕು. ಹಿಂದೆ ಮನೆ ಕಟ್ಟುವ ಮೇಸ್ತ್ರಿ ಮೊದಲು ಕೇಳುತ್ತಿದ್ದದ್ದೇ "ಕಾಯಿ ಎಷ್ಟು ಬತ್ತವೆ?" ಎಂದು. ನಮ್ಮ ಆರ್ಕಿಟೆಕ್ಟ್ ಚಿದಂಬರ ಹಾಸನದಲ್ಲೇ ಕುಳಿತು ಮೊಬೈಲಿಗೆ ಬಣ್ಣದ ಚಿತ್ರ ಕಳಿಸಿದರು. ಮನೆ ಮುಂದೆ ಹುಲ್ಲುಹಾಸು, ಅದರ ಮೇಲೆ ಚಡ್ಡಿ ಹಾಕಿಕೊಂಡ ಯಾವನೋ ಬಿಳಿಯ. ಫೋನ್ ಮಾಡಿ "ಅಟ್ಟ ಎಲ್ಲಪ್ಪಾ?" ಎಂದೆ.

"ಹಾಕಿದ್ದೆ ಆಂಟಿ, ಮಂಜೂರಾತಿ ಆಫೀಸಿನ ಸಾಫ್ಟ್‌ವೇರ್ ಒಪ್ಪಲಿಲ್ಲ. ರೂಮಿಗೆ ಎತ್ತರ ಸಾಲದು, ನೆಲ ಸರಿಯಿಲ್ಲ ಅಂತ ವಾಪಸ್ ಕಳಿಸ್ತು. ಅದನ್ನ ತೆಗೆದು ಹೋಮ್ ಥಿಯೇಟರ್ ಹಾಕ್ದೆ, ತಕ್ಷಣ ಪಾಸಾಯ್ತು."

ನಮ್ಮ ಯಜಮಾನರು ಮರುಳಪ್ಪನವರು ಪಕ್ಕದಲ್ಲೇ ಇದ್ದರು. "ಅಲ್ಲ ಕಣ್ರೀ, ಕಾಯಿಗೆ ಸಿನಿಮಾ ತೋರ್ಸಾದಾ?" ಎಂದರು.

ಮಂಜೂರಾತಿಯಲ್ಲಿ 'ಸ್ಥಳ ಪರಿಶೀಲಿಸಲಾಗಿದೆ' ಎಂದಿದೆ. ಬಂದವರು ಯಾರು ಸ್ವಾಮಿ? ನಮ್ಮ ಬೀದಿಗೆ ಹೊಸ ನಾಯಿ ಬಂದರೂ ಎದುರುಮನೆಯ ಮುತ್ತಮ್ಮನಿಗೆ ಗೊತ್ತಾಗುತ್ತದೆ. "ಒಂದು ನರಪಿಳ್ಳೆನೂ ಬಂದಿಲ್ಲ ಕಣಕ್ಕ" ಅನ್ನುತ್ತಾಳೆ ಅವಳು. ನಾನು ಯಂತ್ರದ ವೈರಿಯಲ್ಲ, ಅರಸೀಕೆರೆಯ ಕೊಬ್ಬರಿ ದರವನ್ನು ದಿನಾ ಮೊಬೈಲಿನಲ್ಲೇ ನೋಡುವವಳು. ಆದರೆ ನಿಮ್ಮ ಕಂಪ್ಯೂಟರಿಗೆ ಪಾಠ ಹೇಳಿದವರ ಮೇಲೆ ನನಗೆ ಗುಮಾನಿಯಿದೆ. ಮನೆಯೆಂದರೆ ಉಂಡು ಮಲಗುವ ಜಾಗ ಎಂದಷ್ಟೇ ಕಲಿಸಿದಂತಿದೆ. ಮನೆಯೊಳಗೇ ದುಡಿಯುವವರು ಅವರ ಲೆಕ್ಕಕ್ಕೇ ಇಲ್ಲವೇ?

ಹಳೇ ಮನೆಯನ್ನು ಅಟ್ಟದ ಸಮೇತ ಕೆಡವಿಯಾಗಿದೆ. ಈ ಸಲದ ಕಾಯಿ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಬೆವರುತ್ತಿವೆ. "ಇನ್ಮೇಲೆ ಎಳನೀರಿಗೇ ಕೀಳಿಸ್ಬಿಡಾಣ ಬಿಡವ್ವ" ಎಂದು ಮಗ ಇಂದ್ರೇಶ್ ಸಲೀಸಾಗಿ ಹೇಳುತ್ತಾನೆ. ಅಜ್ಜನ ಕಾಲದಿಂದ ಬಂದ ಕಸುಬು ನನ್ನ ಕಣ್ಣೆದುರಿಗೇ ಮುಗಿಯುತ್ತಿದೆಯಲ್ಲಾ!

ಆದ್ದರಿಂದ ತಳಪಾಯ ಹಾಕುವ ಮೊದಲು ನೀವೇ ಒಮ್ಮೆ ಬನ್ನಿ. ಕಾಯಿ ಮುಟ್ಟಿ ನೋಡಿ, ಅಟ್ಟಕ್ಕೆ ಒಪ್ಪಿಗೆ ಕೊಡಿ. ಆಗದಿದ್ದರೆ 'ನಿಮ್ಮ ಕಸುಬು ಇಲ್ಲಿಗೆ ಸಾಕು' ಎಂದು ನಿಮ್ಮ ಕೈಯಾರೆ ಬರೆದು ರುಜು ಹಾಕಿ. ಬೈಯುವುದಕ್ಕಾದರೂ ನಮಗೊಬ್ಬ ಮನುಷ್ಯ ಬೇಕು.

ಇಂತಿ,
ಹೋಮ್ ಥಿಯೇಟರಿನ ಬಡಪಾಯಿ ಒಡತಿ,
ಸುಮಿತ್ರಮ್ಮ, ಜಾವಗಲ್