ದೀಪಸ್ತಂಭವಿಲ್ಲದ ಕಾಪು

ಮಣಿಪಾಲ
ಗುರುವಾರ, 7 ಆಗಸ್ಟ್ 2025

ಪ್ರೀತಿಯ ಅಮ್ಮನಿಗೆ,

ಒಂದು ಮಾತನ್ನು ಬರೆಯದೆಯೇ ಈ ಕಾಗದವನ್ನು ಮುಗಿಸಿಬಿಡೋಣ ಎಂದುಕೊಂಡಿದ್ದೆ. ನಿನ್ನ ಕಾಲುನೋವು ಕೇಳಿ, ಕಾಪುವಿನ ಮನೆಯ ಬೀಗ ಸರಿಯಾಗಿದೆ ಎಂದು ಹೇಳಿ, ಹೆಸರು ಬರೆದು ಮಡಚಬಹುದಿತ್ತು. ಆದರೆ ಅಷ್ಟಕ್ಕೆ ಕಾಗದ ಬೇಕಿರಲಿಲ್ಲ. ಆದ್ದರಿಂದ ಮೊದಲೇ ಹೇಳುತ್ತೇನೆ. ಕಳೆದ ವಾರ ನೀನು ಕಳುಹಿಸಿದ ವಾಯ್ಸ್ ಮೆಸೇಜಿನಲ್ಲಿ, ಮಾತು ಮುಗಿದ ಮೇಲೆ ನಿಲ್ಲಿಸುವುದನ್ನು ನೀನು ಮರೆತಿದ್ದೆ. ಆಮೇಲಿನದೂ ನನಗೆ ಕೇಳಿಸಿದೆ.

ತಟ್ಟೆಯ ಸದ್ದು, ಗಾಳಿಯ ಸದ್ದು. ಅಪ್ಪ ಕೇಳುತ್ತಾರೆ, "ಇವತ್ತು ಲೈಟ್‌ಹೌಸಿನ ದೀಪ ಎಂತ ಉರಿಯುವುದಿಲ್ಲ?"

ನೀನು ಹೇಳುತ್ತೀಯ, "ಕರೆಂಟ್ ಹೋಗಿರಬೇಕು. ನೀವು ಊಟ ಮಾಡಿ."

ಆಸ್ಟ್ರೇಲಿಯದ ಆ ತೀರದಲ್ಲಿ, ಸುತ್ತ ಒಂದು ಮನೆಯೂ ಇಲ್ಲದ ಕಡೆ, ಅಪ್ಪ ನಮ್ಮ ಕಾಪುವಿನ ದೀಪಸ್ತಂಭವನ್ನು ಹುಡುಕುತ್ತಿದ್ದಾರೆ. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ನಿನ್ನ ಉತ್ತರ. ಅದು ಎಷ್ಟು ಬೇಗ ಬಂತು ಅಮ್ಮ. ನೀನು ತಡವರಿಸಲಿಲ್ಲ, ಅಯ್ಯೋ ಎನ್ನಲಿಲ್ಲ. ದಿನವೂ ಹೇಳಿ ರೂಢಿಯಾದವರು ಹೇಳುವ ಹಾಗೆ ಹೇಳಿದೆ.

ಕಾಗದ ಏಕೆಂದು ನಿನಗೆ ಗೊತ್ತಿದೆ. ನಿಮ್ಮಿಬ್ಬರಿಗೆ ಇರುವುದು ಒಂದೇ ಫೋನು, ಅದಿರುವುದು ಅಪ್ಪನ ಅಂಗಿಯ ಕಿಸೆಯಲ್ಲಿ. ನಾನು ಏನು ಹೇಳಿ ಕಳುಹಿಸಿದರೂ ಅವರು ಗಟ್ಟಿಯಾಗಿ ಹಾಕಿ ಕೇಳುತ್ತಾರೆ. ತಮ್ಮ ರೋಹಿತ್ ನಿನ್ನ ಬಿಪಿ ಮಾತ್ರೆಗಳನ್ನು ಬ್ರೂಮ್ ಎಂಬ ಊರಿನ ಅಂಚೆ ಕಚೇರಿಗೆ ನಿನ್ನ ಹೆಸರಿನಲ್ಲಿ ಕಳುಹಿಸಿದ್ದಾನಲ್ಲ, ಇದನ್ನೂ ಅಲ್ಲಿಗೇ ಕಳುಹಿಸುತ್ತಿದ್ದೇನೆ. ಅಪ್ಪ ಸಾಲಿನಲ್ಲಿ ನಿಲ್ಲುವವರಲ್ಲ. ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳುವವಳು ನೀನೊಬ್ಬಳೇ. ತುಳುವಿನಲ್ಲಿ ಜಗಳವಾಡಿದ ನಾವು ಈಗ ಕನ್ನಡದಲ್ಲಿ ಮಾತನಾಡಬೇಕಾಗಿದೆ. ಇಂಗ್ಲಿಷ್ ಶಾಲೆಗೆ ಕಳುಹಿಸಿದ ಮಗಳ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ರೋಹಿತನ ಮಾತು ಬಂದಾಗಲೆಲ್ಲ ನನಗೆ ಮಂಗಳೂರು ವಿಮಾನ ನಿಲ್ದಾಣ ನೆನಪಾಗುತ್ತದೆ. ಒಳಗೆ ಹೋಗುವ ಮುಂಚೆ ನೀನು ನನ್ನ ಕೈ ಹಿಡಿದು, "ರೋಹಿತನಿಗೆ ಎಂತದೂ ಹೇಳಬೇಡ," ಎಂದೆ. ಏನನ್ನು ಎಂದು ನಾನು ಕೇಳಲಿಲ್ಲ. ಪರ್ತ್‌ನಲ್ಲಿ ಲಾರಿ ರಿಪೇರಿ ಮಾಡುವ ಮಗ, ಹಳೆಯ ಕ್ಯಾಂಪರ್ ವ್ಯಾನ್ ಒಂದನ್ನು ಕೊಂಡು ತಾನೇ ಕೈಯಾರೆ ಹಾಸಿಗೆ, ಒಲೆ ಕೂರಿಸಿ, ಅಪ್ಪ ಅಮ್ಮ ಊರೂರು ನೋಡಲಿ ಎಂದು ಕೀಲಿ ಕೊಟ್ಟಿದ್ದಾನೆ. ಮುಸ್ಸಂಜೆ ಕಾಂಗರೂಗಳು ಅಡ್ಡ ಬರುತ್ತವೆ ಎಂದು ಹೇಳಿದ್ದಾನೆ. ಹೊಳೆಗಳಲ್ಲಿ ಮೊಸಳೆ ಇರುತ್ತದೆ ಎಂದು ಹೇಳಿದ್ದಾನೆ. ಕಡಲಿನ ಬಗ್ಗೆ ಮಾತ್ರ ಏನೂ ಹೇಳಿಲ್ಲ. ತಂಡೇಲನಾಗಿ ಅಷ್ಟು ವರ್ಷ ದೋಣಿ ನಡೆಸಿದ ನಮ್ಮಪ್ಪ ಹೂವಪ್ಪನಿಗೆ ಕಡಲಿನ ಬಗ್ಗೆ ಯಾರು ಹೇಳುತ್ತಾರೆ?

ನಾನು ಹೇಳಿ ನೋಡಿದೆ. ಅದಕ್ಕೆ ಅವರು ಕೊಟ್ಟ ಉತ್ತರ ನಿನಗೂ ಕೇಳಿಸಿರಬೇಕು. "ಮಣಿಪಾಲದ ಗುಡ್ಡಕ್ಕೆ ಕಡಲು ಬಂದದ್ದು ಯಾವಾಗ ಮಾರಾಯ್ತಿ?" ಎಂದು ನಕ್ಕರು. ನೀನೂ ನಕ್ಕೆ.

ನಾನು ಓದಿ ತಿಳಿದದ್ದನ್ನು ಇಲ್ಲಿ ಸರಳವಾಗಿ ಬರೆಯುತ್ತೇನೆ. ನಮ್ಮ ಕಾಪುವಿನಲ್ಲಿ ನೀರು ಏರಿ ಇಳಿಯುವುದು ಒಂದು ಆಳಿನ ಎತ್ತರವೂ ಇಲ್ಲ. ನೀವು ಹೋಗುತ್ತಿರುವ ಕಡೆ ಅದು ಐದಾರು ಆಳುಗಳನ್ನು ಒಬ್ಬರ ಮೇಲೊಬ್ಬರಂತೆ ನಿಲ್ಲಿಸಿದಷ್ಟು. ಇಳಿದಾಗ ಕಡಲು ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ, ಮರಳು ಒಣಗಿ ಅಂಗಳದ ಹಾಗೆ ಕಾಣುತ್ತದೆ. ಬರುವಾಗ ನಡೆದು ಬರುವುದಿಲ್ಲವಂತೆ, ಓಡಿ ಬರುತ್ತದಂತೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇನ್ನೂ ಹೆಚ್ಚು.

ಅಪ್ಪನ ಹಿಮ್ಮಡಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ ಅಮ್ಮ. ದೋಣಿ ಎಳೆದು ನಿಲ್ಲಿಸುವಾಗ ಅವರು ಮರಳಿನಲ್ಲಿ ಹಿಮ್ಮಡಿಯಿಂದ ಗುಳಿ ತೋಡಿ ನೋಡುತ್ತಿದ್ದರು. ಗುಳಿಯಲ್ಲಿ ನೀರು ಒಸರದಿದ್ದರೆ ಕಡಲು ಅಲ್ಲಿಗೆ ಬರುವುದಿಲ್ಲ. ಉಳಿದವರೆಲ್ಲ ಅವರ ಗುಳಿ ನೋಡಿ ತಮ್ಮ ದೋಣಿ ನಿಲ್ಲಿಸುತ್ತಿದ್ದರು. ಈಗ ವ್ಯಾನು ನಿಲ್ಲಿಸುವಾಗಲೂ ಅದನ್ನೇ ಮಾಡುತ್ತಾರೆ ಎಂದು ನೀನೇ ಹೆಮ್ಮೆಯಿಂದ ಹೇಳಿದೆ. ಮೊದಲಿನ ಅಪ್ಪನಾಗಿದ್ದರೆ ನನಗೆ ಇಷ್ಟು ಭಯವಿರುತ್ತಿರಲಿಲ್ಲ. ಹೊಸ ಕಡಲು ಎಂದು ಗೊತ್ತಿರುವವರು ಒಂದು ದಿನ ಸುಮ್ಮನೆ ಕೂತು ನೋಡುತ್ತಾರೆ, ಅಲ್ಲಿಯವರನ್ನು ಕೇಳುತ್ತಾರೆ. ಅದನ್ನು ನಮ್ಮ ಕಾಪು ಎಂದುಕೊಂಡವರು ಯಾರನ್ನು ಕೇಳುತ್ತಾರೆ?

ಇನ್ನೊಂದು ವಿಷಯ. ಅಂಬಲಪಾಡಿಯಲ್ಲಿ ಟಯರ್ ಅಂಗಡಿ ಇಟ್ಟಿರುವ ಸಿರಾಜ್, ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಸಿಯಮ್ಮನ ಮಗ, ಮೊನ್ನೆ ಸಿಕ್ಕಿದ್ದ. ನಿಮ್ಮ ಪ್ರಯಾಣದ ಬಗ್ಗೆ ಕೇಳಿದ. ಆಮೇಲೆ ಹೇಳಿದ, "ಅಕ್ಕ, ಒಂದು ದಿನ ಹೂವಪ್ಪಣ್ಣ ಟೆಂಪೋ ನಿಲ್ಲಿಸಿ ಕಾಪುವಿಗೆ ದಾರಿ ಯಾವುದು ಅಂತ ಕೇಳಿದ್ರು. ತಮಾಷೆ ಅಂತ ನಾನು ನಕ್ಕೆ. ಅವರು ನಗ್ಲಿಲ್ಲ."

ನೀವು ನಮ್ಮ ಮೀನಿನ ಟೆಂಪೋದಲ್ಲಿ ಕಾರ್ಕಳದ ಮಾರ್ಕೆಟ್ಟಿನಿಂದ ತಡವಾಗಿ ಬಂದ ದಿನ ಅದು. ಹಿರಿಯಡ್ಕದಲ್ಲಿ ಪಂಕ್ಚರ್ ಆಯಿತು ಎಂದು ನೀನು ಹೇಳಿದ್ದೆ. ನೀನು ಅವರ ಪಕ್ಕದ ಸೀಟಿನಲ್ಲೇ ಇದ್ದೆಯಂತೆ. ಸಿರಾಜ್ ದಾರಿ ಹೇಳುವಾಗ ನೀನು ರಸ್ತೆಯ ಆಚೆ ಬದಿಗೆ ಮುಖ ಮಾಡಿ ಕೂತಿದ್ದೆಯಂತೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ನಿನ್ನನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುವ ಹಾಗೆ ಬರೆಯುತ್ತಿದ್ದೇನೆಯೇ? ಹಾಗೆ ಮಾಡಲು ನನಗೆ ಅಧಿಕಾರವಿದೆಯೇ? ಮೂವತ್ತು ವರ್ಷ ನೀನು ಮೀನಿನ ಬುಟ್ಟಿಗಳ ಜೊತೆ ಆ ಟೆಂಪೋದಲ್ಲಿ ಹೋದವಳು. ಐಸಿನ ನೀರು ಇಳಿದು ಇಳಿದು ನಿನ್ನ ಪಾದ ಬಿಳುಚಿಕೊಂಡಿರುತ್ತಿತ್ತು. ವ್ಯಾನಿನಲ್ಲಿ ಹೊರಟ ಮೊದಲ ದಿನ ನೀನು ಕಳುಹಿಸಿದ ಮೆಸೇಜನ್ನು ನಾನು ಅಳಿಸಿಲ್ಲ. "ಹರಿಣಿ, ನನ್ನ ಕಾಲು ಒಣಗಿ ಉಂಟು ಮಾರಾಯ್ತಿ," ಎಂದು ನಗುತ್ತೀಯ. ಅಂಥ ನಗು ನಿನ್ನಲ್ಲಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಅಪ್ಪ ನಿನಗೆ ದಾರಿಯಲ್ಲಿ ಚಹಾ ಮಾಡಿ ಕೊಡುತ್ತಾರೆ ಎಂದೂ ಹೇಳುತ್ತೀಯ. ಕೀಲಿ ಕಿತ್ತುಕೊಂಡರೆ ಅವರು ಆ ದಿನವೇ ಮುದುಕರಾಗುತ್ತಾರೆ ಎಂಬುದು ನಿನ್ನ ಭಯ. ನನಗೆ ಅರ್ಥವಾಗುತ್ತದೆ. ಇನ್ನೆಷ್ಟು ದಿನ ಅವರು ನಿನ್ನ ಹೆಸರು ಹಿಡಿದು ಕರೆಯುತ್ತಾರೋ ಗೊತ್ತಿಲ್ಲದಾಗ, ಇರುವ ದಿನಗಳನ್ನು ನೀನು ಕಿಟಕಿಯ ಪಕ್ಕ ಕೂತು ಕಳೆಯಲು ಬಯಸಿದರೆ ತಪ್ಪೇನು? ಮಣಿಪಾಲದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವಳು ಅದನ್ನು ತಪ್ಪೆನ್ನುವುದು ಸುಲಭ.

ಆದರೆ ನಿನಗೆ ವ್ಯಾನು ನಡೆಸಲು ಬರುವುದಿಲ್ಲ. ಇಂಗ್ಲಿಷ್ ಬೋರ್ಡು ಓದಲು ಬರುವುದಿಲ್ಲ. ಮರಳಿನಲ್ಲಿ ಚಕ್ರ ಹೂತು, ಅಪ್ಪ ಸ್ಟೇರಿಂಗ್ ಹಿಡಿದುಕೊಂಡು ಇದು ಯಾವ ಊರು ಎಂದು ಕೇಳಿದರೆ ನೀನು ಏನು ಮಾಡುತ್ತೀ? ಕರೆಂಟ್ ಹೋಗಿದೆ ಎನ್ನುತ್ತೀಯಾ?

ನಾನು ಕೇಳಿಕೊಳ್ಳುವುದು ಇಷ್ಟೇ. ಬ್ರೂಮ್‌ನಿಂದ ಮುಂದೆ ಹೋಗಬೇಡಿ. ನಿನಗೆ ಕಾಲುನೋವು ತಡೆಯಲಾಗುವುದಿಲ್ಲ ಎಂದು ಅಪ್ಪನಿಗೆ ಹೇಳು, ಸುಳ್ಳಾದರೂ ಪರವಾಗಿಲ್ಲ. ಅಂಚೆ ಕಚೇರಿಯವರಿಗೆ ರೋಹಿತನ ನಂಬರ್ ತೋರಿಸಿ ಫೋನು ಹಚ್ಚಿಸು. ಅವನು ಬಂದು ನಿಮ್ಮನ್ನು ಕರೆದುಕೊಂಡು ಹೋಗಲಿ. ಅವನೇ ವ್ಯಾನು ನಡೆಸಲಿ, ನೀನು ಮುಂದಿನ ಸೀಟಿನಲ್ಲೇ ಕೂರು. ಅಲ್ಲಿಯವರೆಗೆ ಕಡಲಿನ ಪಕ್ಕ ಮಲಗಬೇಡಿ. ರೋಹಿತನಿಗೆ ನೀನೇ ಹೇಳಿದರೆ ಅದು ನಿನ್ನ ನಿರ್ಧಾರವಾಗುತ್ತದೆ. ನಾನು ಹೇಳಿದರೆ ನೀನು ನನ್ನ ಜೊತೆ ಮತ್ತೆ ಮಾತನಾಡುತ್ತೀಯೋ ಇಲ್ಲವೋ. ಆದ್ದರಿಂದ ಅವನಿಗೆ ನಾನು ಇನ್ನೂ ಏನೂ ಹೇಳಿಲ್ಲ.

ಇದನ್ನು ಓದಿ ಹರಿದುಹಾಕು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಊರಿಗೆ ಬಂದು ಬಯ್ಯಿ.

ನಿನ್ನ ಮಗಳು,
ಹರಿಣಾಕ್ಷಿ

ಭಾನುವಾರ ಬೆಳಿಗ್ಗೆ ಸೇರಿಸಿದ್ದು:

ಶುಕ್ರವಾರ ಈ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಅಂಚೆ ಕಚೇರಿಯ ಬಾಗಿಲವರೆಗೆ ಹೋಗಿ, ಹಾಕದೆ ವಾಪಸು ತಂದೆ. ಕಳುಹಿಸುವುದು ಸರಿಯೇ ಎಂದು ಇನ್ನೂ ಯೋಚಿಸುತ್ತಿದ್ದೆ. ಸಂಜೆ ನಿನ್ನ ಮೆಸೇಜು ಬಂತು, ಜೊತೆಗೊಂದು ಫೋಟೋ. ಪೆಟ್ರೋಲ್ ಬಂಕಿನಿಂದ ಕಳುಹಿಸುತ್ತಿದ್ದೇನೆ, ನಿನ್ನೆ ಮಲಗಿದ ಜಾಗ ಇದು, ಅಪ್ಪನಿಗೆ ಬಹಳ ಹಿಡಿಸಿದೆ, ನೀರು ತುಂಬಿಸಿಕೊಂಡು ಅಲ್ಲಿಗೇ ವಾಪಸು ಹೋಗುತ್ತಿದ್ದೇವೆ ಎಂದೆ. ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡಬೇಕಂತೆ, ಹಿಂದಿನ ಪೇಟೆಯಲ್ಲೇ ತೆಂಗಿನಕಾಯಿ ತೆಗೆದುಕೊಂಡಿದ್ದಾರೆ, ಪೂಜೆ ಮುಗಿಯುವ ತನಕ ಅಲ್ಲೇ ಎಂದೆ. ಜಾಗದ ಹೆಸರು ಮಾತ್ರ ಹೇಳಲಿಲ್ಲ. "ಬೋರ್ಡು ಓದಲಿಕ್ಕೆ ನನಗೆ ಎಲ್ಲಿ ಬರ್ತದೆ? ಇವರು ಕಾಪು ಅಂತಲೇ ಹೇಳುವುದು," ಎಂದೆ.

ಫೋಟೋದಲ್ಲಿ ನೀನು ಒಣ ಮರಳಿನ ಮೇಲೆ ಬರಿಗಾಲಲ್ಲಿ ನಿಂತಿದ್ದೀಯ. ಪಕ್ಕದಲ್ಲಿ ಅಪ್ಪನ ಹಿಮ್ಮಡಿಯ ಗುಳಿ. ಹಿಂದೆ ವ್ಯಾನು, ಅದರ ಹಿಂದೆ ಬಂಡೆ. ಬಂಡೆಯ ಮೇಲೆ ಕಪ್ಪು ಚಿಪ್ಪುಗಳು ಕಚ್ಚಿಕೊಂಡಿವೆ. ಅವು ನೀರು ಮುಟ್ಟುವಲ್ಲಿಯವರೆಗೆ ಮಾತ್ರ ಬೆಳೆಯುತ್ತವೆ ಎಂದು ನನಗೆ ಚಿಕ್ಕಂದಿನಲ್ಲಿ ತೋರಿಸಿದ್ದು ಅಪ್ಪನೇ. ಅವು ವ್ಯಾನಿನ ಛಾವಣಿಗಿಂತ ಮೇಲೆ ಉಂಟು ಅಮ್ಮ.

ಕೂಡಲೇ ಫೋನು ಮಾಡಿದೆ. ಹೋಗಲಿಲ್ಲ. ಆ ಕ್ಷಣವೇ ರೋಹಿತನಿಗೆ ಎಲ್ಲ ಹೇಳಿದೆ. ಅವನು "ಯಾವಾಗಿನಿಂದ?" ಎಂದಷ್ಟೇ ಕೇಳಿದ. ಶನಿವಾರ ವಿಮಾನ ಹತ್ತಿ ಬ್ರೂಮ್‌ಗೆ ಹೋಗಿದ್ದಾನೆ. ಅಲ್ಲಿಯ ಪೊಲೀಸರು ಹುಡುಕುತ್ತಿದ್ದಾರೆ. ಕಡಲಿಗೆ ಇಳಿಯುವ ಮಣ್ಣುರಸ್ತೆಗಳು ಲೆಕ್ಕವಿಲ್ಲದಷ್ಟು, ಜಾಗದ ಹೆಸರು ಬೇಕು ಎನ್ನುತ್ತಾರಂತೆ. ಅಮ್ಮನ ಮೆಸೇಜನ್ನು ಇನ್ನೊಮ್ಮೆ ಸರಿಯಾಗಿ ಕೇಳಿ ಹೇಳು ಅಕ್ಕ ಎಂದು ಅವನು ಈಗಷ್ಟೇ ಫೋನು ಮಾಡಿದ್ದ. ಕೇಳಿದೆ. ಕಾಪು ಎಂಬ ಹೆಸರು ಬಿಟ್ಟರೆ ಅದರಲ್ಲಿ ಬೇರೆ ಹೆಸರಿಲ್ಲ. ನಿನ್ನೆ ಹುಣ್ಣಿಮೆ ಕಳೆಯಿತು.

ನಿನ್ನ ಮಾತ್ರೆಗಳು ಇನ್ನೂ ಅಂಚೆ ಕಚೇರಿಯಲ್ಲೇ ಇವೆ. ಅವುಗಳ ಪಕ್ಕದಲ್ಲಿ ಇದೂ ಇರಲಿ. ನೀನೇ ಬಂದು ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಬೇಕು, ಬೇರೆ ಯಾರಿಗೂ ಕೊಡುವುದಿಲ್ಲ. ಇವತ್ತು ಭಾನುವಾರ. ನಾಳೆ, ಸೋಮವಾರ, ಆಗಸ್ಟ್ 11ರಂದು ಅಂಚೆಗೆ ಹಾಕುತ್ತೇನೆ.